ದಾನ, ಋಣ ಮತ್ತು ಮಕ್ಕಳ ಶಿಕ್ಷಣ

ದಾನವು ಹೃದಯದಿಂದ ತಾನಾಗಿ ಉಕ್ಕಿಬರತಕ್ಕ ಗುಣವೆಂದೂ, ಕೊಡಲೇಬೇಕೆಂಬ ಕಟ್ಟಳೆ ಅದರೊಳಕ್ಕೆ ಕಾಲಿಟ್ಟೊಡನೆ ಅದು ದಾನದ ಪದವಿಯನ್ನು ಕಳೆದುಕೊಂಡು ತೆರಿಗೆಯಾಗಿಬಿಡುವುದೆಂದೂ, ಆದುದರಿಂದ ಮಕ್ಕಳಿಗೆ ದಾನವನ್ನು ಕಲಿಸುವುದೆಂದರೆ ಅವರಲ್ಲಿ ಕರುಣೆಯನ್ನು ಎಚ್ಚರಿಸುವುದಷ್ಟೇ ಹೊರತು ಬೇರೇನೂ ಅಲ್ಲವೆಂದೂ ನಮ್ಮಲ್ಲಿ ಅನೇಕ ಸಜ್ಜನರು ನಂಬಿದ್ದಾರೆ. ಈ ನಂಬಿಕೆಯನ್ನು ಪರೀಕ್ಷಿಸುವ ಮೊದಲು ಅದರ ಬಲವನ್ನು ಒಪ್ಪಿಕೊಳ್ಳುವುದು ನ್ಯಾಯ. ಭಯಕ್ಕೋ ಕೀರ್ತಿಗೋ ಕೊಟ್ಟದ್ದಕ್ಕಿಂತ ಪ್ರೀತಿಯಿಂದ ಕೊಟ್ಟದ್ದು ಮೇಲೆಂಬುದನ್ನು ಯಾವ ವಿವೇಕಿಯೂ ಅಲ್ಲಗಳೆಯನು. ಬಲಾತ್ಕಾರದಿಂದ ಕೊಡುವುದನ್ನು ಕಲಿತ ಮಗು, ಬಲಾತ್ಕಾರ ತಪ್ಪಿದ ದಿನ ಕೈಯನ್ನು ಬಿಗಿಹಿಡಿದೀತೆಂಬ ಅಂಜಿಕೆಯೂ ನಿರಾಧಾರವಾದುದಲ್ಲ. ಇದಕ್ಕೆ ಮತ್ತೊಂದು ವಿಂಗಡಣೆಯನ್ನೂ ಸೇರಿಸುವುದುಂಟು: ಹೊಣೆಯೆಂಬುದು ತಾನು ಮಾಡಿದ್ದಕ್ಕೆ ತಾನು ಉತ್ತರ ಹೇಳುವುದು, ಔದಾರ್ಯವೆಂಬುದು ತಾನು ಮಾಡಬೇಕಾಗಿಲ್ಲದ್ದನ್ನೂ ಮಾಡುವುದು, ಇವೆರಡೂ ಬೇರೆ ಬೇರೆ ಪಾಠಗಳು, ಒಂದನ್ನು ಗಣಿತದಂತೆ ನಿಯಮದಿಂದಲೂ ಇನ್ನೊಂದನ್ನು ಕಾವ್ಯದಂತೆ ಭಾವದಿಂದಲೂ ಕಲಿಸತಕ್ಕದ್ದು ಎಂಬುದು ಆ ವಿಂಗಡಣೆಯ ತಾತ್ಪರ್ಯ.

ಈ ಮತವು ಆಚರಣೆಗೆ ಬಂದಾಗ ತಾಳುವ ರೂಪವನ್ನು ನೋಡೋಣ. ಬೆಂಗಳೂರಿನ ಶಾಲೆಯೊಂದು ತನ್ನ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಮೈಸೂರು ರಸ್ತೆಯಲ್ಲಿ ಬಿಡದಿಯವರೆಗೆ ಬಂದು, ಅಲ್ಲಿಂದ ಒಳಕ್ಕೆ ತಿರುಗಿ ಬೈರಮಂಗಲದ ಆಸುಪಾಸಿನ ಹಳ್ಳಿಯೊಂದರಲ್ಲಿ ನೋಟುಪುಸ್ತಕಗಳನ್ನೂ ಕಂಬಳಿಗಳನ್ನೂ ಹಂಚಿಸಿ, ಸಂಜೆಯೊಳಗೆ ಹಿಂದಿರುಗಿತೆಂದು ಇಟ್ಟುಕೊಳ್ಳಿ. ಕೊಟ್ಟ ಮಗುವಿನ ಮನಸ್ಸು ನಿಜವಾಗಿಯೂ ಕರಗಿತು. ಅದರಲ್ಲಿ ಕಪಟವೇನೂ ಇಲ್ಲ. ಆದರೆ ಆ ಮಗು ಕಲಿತದ್ದು ಮುಖ್ಯವಾಗಿ ತನ್ನ ವಿಷಯವನ್ನು: ತಾನು ಕೊಡಬಲ್ಲವನು, ಕೊಡದಿದ್ದರೂ ತಪ್ಪಿತಸ್ಥನಾಗುತ್ತಿರಲಿಲ್ಲ, ಕೊಟ್ಟದ್ದರಿಂದ ಒಳ್ಳೆಯವನಾದೆನು, ಎದುರಿಗಿರುವವನು ಪಡೆಯತಕ್ಕವನು. ಪಡೆದ ಮಗುವಿನ ಬದುಕಿನ ವಿಷಯವಾಗಿಯಾಗಲಿ, ತನ್ನ ಮನೆಗೂ ಆ ಹಳ್ಳಿಗೂ ಇರುವ ಸಂಬಂಧದ ವಿಷಯವಾಗಿಯಾಗಲಿ ಅದು ಏನನ್ನೂ ಕಲಿಯಲಿಲ್ಲ. ಅಂಥ ಸಂಬಂಧವೊಂದು ಉಂಟು, ಅದು ಪ್ರತಿದಿನವೂ ಹರಿಯುತ್ತಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ನನ್ನ ಪ್ರತಿಜ್ಞೆ ಇಷ್ಟು: ಕರುಣೆಯನ್ನು ದಾನದ ಮೂಲವೆಂದೂ ಹೊಣೆಯನ್ನು ಅದರ ವೈರಿಯೆಂದೂ ಎಣಿಸಿದುದರಿಂದಲೇ ನಮ್ಮ ಶಿಕ್ಷಣದಲ್ಲಿ ಈ ಕೊರತೆ ಬಂದಿದೆ, ಕೊಡುವುದನ್ನು ಮಗುವಿಗೆ ಋಣವೆಂದು ಕಲಿಸತಕ್ಕದ್ದು, ಕರುಣೆ ಆ ಋಣಸಂದಾಯದ ಅಭ್ಯಾಸದಲ್ಲಿ ಬೆಳೆಯತಕ್ಕ ಫಲ.

ಈ ವಿಷಯವನ್ನು ಅತ್ಯಂತ ಹಠದಿಂದ, ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲ ಬಿಡದೆ ಚಿಂತಿಸಿದವರು ಯೆಹೂದ್ಯರು. ನಮ್ಮ ನಾಡಿನಲ್ಲಿ ಅವರ ಸಂಖ್ಯೆ ಎಂದೂ ಬೆರಳೆಣಿಕೆಯನ್ನು ಬಹಳ ಮೀರಿದ್ದಲ್ಲ. ಬೆಂಗಳೂರಿನಿಂದ ಬಿಡದಿಗೆ ಬರುವ ಅದೇ ಮೈಸೂರು ರಸ್ತೆಯಲ್ಲಿ ಅವರದೊಂದು ಚಿಕ್ಕ ಸ್ಮಶಾನವುಂಟು. ಅದರ ಭೂಮಿಯನ್ನು 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟರು. ಮೃತನಿಗೆ ಮಾಡಿದ ಉಪಕಾರಕ್ಕೆ ಪ್ರತ್ಯುಪಕಾರದ ಆಸೆಯಿರುವುದು ಅಸಾಧ್ಯವಾದುದರಿಂದ ಅದೇ ನಿಜವಾದ ಉಪಕಾರವೆಂದು ಯೆಹೂದ್ಯರು ಹೇಳುತ್ತಾರೆ. ಸ್ಥಳೀಯವಾಗಿ ಅವರ ವಿಷಯದಲ್ಲಿ ಹೇಳಬಹುದಾದುದು ಅಲ್ಪ. ಆದರೆ ಅವರ ಧರ್ಮಶಾಸ್ತ್ರವು ಮೊದಲಲ್ಲಿ ಒಕ್ಕಲಿಗರ ಶಾಸ್ತ್ರ, ಹೊಲ ಕಣಗಳ ನಡುವೆ ಹುಟ್ಟಿದ್ದು. ಹನ್ನೆರಡನೆಯ ಶತಮಾನದಲ್ಲಿ ಆ ಶಾಸ್ತ್ರವನ್ನೆಲ್ಲ ಒಂದೆಡೆಗೆ ಕ್ರಮಪಡಿಸಿದ ಮಹಾಪಂಡಿತ ಮೈಮೊನಿಡೀಸನು ಬಡವರಿಗೆ ಕೊಡತಕ್ಕದ್ದನ್ನು ಕುರಿತ ವಿಧಿಗಳನ್ನು ಇಟ್ಟಿರುವುದು ಬೇಸಾಯದ ಸಂಪುಟದಲ್ಲಿ. ಮನಸ್ಸಿನ ಗುಣಗಳನ್ನು ವಿವರಿಸುವ ಭಾಗದಲ್ಲಿ ಅಲ್ಲ. ಬೈರಮಂಗಲದ ರೈತನಿಗೆ ಆ ಸಂಪುಟವು ಅಪರಿಚಿತವೆನಿಸಲಾರದು.

ಆ ವಿಧಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊಲವನ್ನು ಕೊಯ್ಯುವಾಗ ಅದರ ಅಂಚನ್ನು ಕೊಯ್ಯದೆ ಬಿಡತಕ್ಕದ್ದು. ಕೊಯ್ಯುತ್ತಿರುವಾಗ ಕೈಜಾರಿ ಬಿದ್ದ ತೆನೆಯನ್ನು ಎತ್ತಿಕೊಳ್ಳಕೂಡದು. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಹಿಂದಿರುಗಿ ಹೋಗಕೂಡದು. ಯಾಜಕಕಾಂಡದಲ್ಲಿಯೂ ಧರ್ಮೋಪದೇಶಕಾಂಡದಲ್ಲಿಯೂ ಬರುವ ಈ ವಿಧಿಗಳ ಆಸರೆಯಿಂದಲೇ ಪರದೇಶದ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಅಂಚಿನ ಪ್ರಮಾಣವು ಅರವತ್ತರಲ್ಲಿ ಒಂದು ಪಾಲಿಗೆ ಕಡಮೆಯಾಗಬಾರದೆಂದು ಮಿಷ್ನಾ ಎಂಬ ಅವರ ಪ್ರಾಚೀನ ವಿಧಿಸಂಗ್ರಹವು ಗೊತ್ತುಮಾಡಿತು. ಎಲ್ಲಕ್ಕಿಂತ ಮಹತ್ತ್ವದ ಕಟ್ಟಳೆ ಮತ್ತೊಂದು: ಅಂಚಿನಲ್ಲಿ ಬಿಟ್ಟ ಬೆಳೆಯನ್ನು ಒಡೆಯನು ತನಗೆ ಬೇಕಾದವರಿಗೆ ಹಂಚುವಂತಿಲ್ಲ, ಬಡವರು ತಾವೇ ಬಂದು ತಾವೇ ಕೊಯ್ದುಕೊಳ್ಳತಕ್ಕದ್ದು. ಅಂದರೆ ಒಡೆಯನಿಗೆ ಕೊಡುವ ಸುಖವೂ ಇಲ್ಲ, ಆರಿಸುವ ಅಧಿಕಾರವೂ ಇಲ್ಲ, ಯಾರಿಂದಲೂ ಕೈಮುಗಿಸಿಕೊಳ್ಳುವ ಅವಕಾಶವೂ ಇಲ್ಲ. ಕರುಣೆ ತೋರಲೆಂದು ಮಾಡಿದ ವಿಧಿಯಾಗಿದ್ದರೆ ಕರುಣಾಳುವನ್ನು ಹೀಗೆ ಅಂಗಳದಿಂದ ಆಚೆಗಿಡಲು ಕಾರಣವಿರಲಿಲ್ಲ. ಅರವತ್ತನೆಯ ಆ ಪಾಲು ಮೊದಲಿನಿಂದಲೂ ಒಡೆಯನದಾಗಿರಲಿಲ್ಲವೆಂದು ಭಾವಿಸಿದರೆ ಮಾತ್ರ ಈ ಕಟ್ಟಳೆಗೆ ಅರ್ಥವುಂಟು.

ಮರೆತ ಸಿವುಡಿನ ವಿಷಯದಲ್ಲಿ ತೊಸೆಫ್ತಾ ಎಂಬ ಪುರಾತನ ಸಂಕಲನದಲ್ಲಿ ತಂದೆ ಮಕ್ಕಳ ಸಂವಾದವೊಂದಿದೆ. ಧರ್ಮಿಷ್ಠನೊಬ್ಬನು ತನ್ನ ಹೊಲದಲ್ಲಿ ಸಿವುಡೊಂದನ್ನು ಮರೆತುಬಂದನು. ಅದು ತಿಳಿದೊಡನೆ ಮಗನನ್ನು ಕರೆದು, ದೇವರಿಗೆ ಬಲಿಯನ್ನು ಅರ್ಪಿಸೆಂದು ಸಂಭ್ರಮದಿಂದ ಹೇಳಿದನು. ಉಳಿದ ವಿಧಿಗಳೊಂದಕ್ಕೂ ಇಲ್ಲದ ಸಂತೋಷ ಇದೊಂದಕ್ಕೆ ಏಕೆಂದು ಮಗನು ಕೇಳಲು, ಮಿಕ್ಕೆಲ್ಲ ವಿಧಿಗಳನ್ನು ತಿಳಿದು ಮಾಡಬಹುದು, ಇದನ್ನಾದರೋ ತಿಳಿಯದೆಯೇ ಮಾಡಬೇಕು, ಮರೆಯಬೇಕೆಂದು ಸಂಕಲ್ಪಿಸಿದರೆ ಇದು ಕೈಗೂಡದು ಎಂಬ ಅರ್ಥದಲ್ಲಿ ತಂದೆ ಉತ್ತರಿಸಿದನು. ಸಂಕಲ್ಪವಿಲ್ಲದ ದಾನವು ದಾನವೇ ಅಲ್ಲವೆನ್ನುವವರು ಈ ಪ್ರಸಂಗದ ಮುಂದೆ ನಿಂತು ಯೋಚಿಸಬೇಕು. ಇಲ್ಲಿ ಭಾವವಿಲ್ಲ, ಉದ್ದೇಶವಿಲ್ಲ, ಕೊಟ್ಟೆನೆಂಬ ಅರಿವು ಕೂಡ ಇಲ್ಲ. ಆದರೂ ಬಡವನ ಕೈಗೆ ತೆನೆ ಸೇರಿತು, ವಿಧಿ ನೆರವೇರಿತು. ಸಂತೋಷ ಬಂದದ್ದು ಆಮೇಲೆ. ಮಗನು ಆ ದಿನ ಕಲಿತದ್ದು ಕ್ರಿಯೆಯ ಹಿಂದಿನಿಂದ ಭಾವವು ನಡೆದುಬರುವ ಕ್ರಮವನ್ನು.

ಹಾಗೆಂದು ಆ ಶಾಸ್ತ್ರವು ಮನಸ್ಸನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆನ್ನುವುದು ಅನ್ಯಾಯ. ಮೈಮೊನಿಡೀಸನು ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಎಣಿಸಿದನು. ಎಲ್ಲಕ್ಕಿಂತ ಕೆಳಗಿನದು ಮನಸ್ಸಿಲ್ಲದೆ ಕೊರಗುತ್ತ ಕೊಡುವುದು; ಎಲ್ಲಕ್ಕಿಂತ ಮೇಲಿನದು ಕುಸಿಯುತ್ತಿರುವವನಿಗೆ ಸಾಲವನ್ನೋ ಉದ್ಯೋಗವನ್ನೋ ಪಾಲುಗಾರಿಕೆಯನ್ನೋ ಕೊಟ್ಟು ಅವನು ಮತ್ತೆ ಕೈಯೊಡ್ಡದಂತೆ ಮಾಡುವುದು. ನಡುವಣ ಮೆಟ್ಟಿಲುಗಳಲ್ಲಿ ಮೇಲಣವು ಕೊಟ್ಟವನಾರೆಂದು ಪಡೆದವನಿಗೋ, ಪಡೆದವನಾರೆಂದು ಕೊಟ್ಟವನಿಗೋ, ಅಥವಾ ಇಬ್ಬರಿಗೂ ತಿಳಿಯದಂತೆ ಕೊಡುವ ಬಗೆಗಳು. ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಲ್ಲದ ಮನಸ್ಸಿನ ದಾನವು ಅತ್ಯಂತ ಕೆಳಗಿನದಾದರೂ ಮೆಟ್ಟಿಲೇ. ಅದರ ಮೇಲೆ ಕಾಲಿಟ್ಟವನು ನೆಲದ ಮೇಲೆ ನಿಂತವನಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ಮೇಲಿನ ಮೆಟ್ಟಿಲುಗಳನ್ನು ಅಳೆದಿರುವುದಾದರೋ ಕೊಡುವವನ ಹೃದಯ ಎಷ್ಟು ಕರಗಿತೆಂಬುದರಿಂದಲ್ಲ, ಪಡೆಯುವವನ ಮಾನ ಎಷ್ಟು ಉಳಿಯಿತೆಂಬುದರಿಂದ. ಅದೇ ಅಧ್ಯಾಯದಲ್ಲಿ, ಮುಖ ಸಿಂಡರಿಸಿ ಕೊಟ್ಟವನು ಸಾವಿರ ಹೊನ್ನನ್ನು ಕೊಟ್ಟರೂ ಅದರ ಪುಣ್ಯವನ್ನು ಕಳೆದುಕೊಂಡನೆಂಬ ಮಾತೂ ಉಂಟಲ್ಲವೆ, ಎಂದು ಬಲ್ಲವರು ಆಕ್ಷೇಪಿಸಬಹುದು. ಉಂಟು. ಆದರೆ ಅಲ್ಲಿ ನಿಷೇಧಿಸಿರುವುದು ಪಡೆಯುವವನ ಮುಂದೆ ತೋರಿದ ಮುಖವನ್ನು, ಅಂದರೆ ಮತ್ತೊಂದು ಕ್ರಿಯೆಯನ್ನು. ಮುಖವನ್ನು ಹೇಗಿಟ್ಟುಕೊಳ್ಳಬೇಕೆಂಬುದನ್ನು ಮಗುವಿಗೆ ಕಲಿಸಬಹುದು; ಹೃದಯವು ಈ ಕ್ಷಣದಲ್ಲಿ ಕರಗಲೆಂದು ಆಜ್ಞಾಪಿಸುವುದು ಯಾವ ಗುರುವಿನಿಂದಲೂ ಆಗದು.

ಇನ್ನು ಮಕ್ಕಳ ವಿಷಯ. ಹುಡುಗನಿಗೆ 13, ಹುಡುಗಿಗೆ 12 ವರ್ಷ ತುಂಬುವವರೆಗೆ ಯೆಹೂದಿ ಮಕ್ಕಳಿಗೆ ವಿಧಿಗಳ ಹೊಣೆಯಿಲ್ಲ. ಆದರೆ ಅದಕ್ಕಿಂತ ಬಹಳ ಮುಂಚಿನಿಂದಲೇ ಅವರನ್ನು ಅಭ್ಯಾಸಕ್ಕೆ ತರುವ ಹೊಣೆ ತಂದೆತಾಯಿಗಳ ಮೇಲಿದೆ. ಅನೇಕ ಮನೆಗಳಲ್ಲಿ ತಗಡಿನದೋ ಮರದ್ದೋ ಒಂದು ಡಬ್ಬಿಯಿರುತ್ತದೆ. ಶುಕ್ರವಾರ ಸಂಜೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ದೀಪವನ್ನು ಹಚ್ಚುವ ಮುನ್ನ ಮಕ್ಕಳು ಅದರಲ್ಲಿ ನಾಣ್ಯವನ್ನು ಹಾಕುತ್ತಾರೆ. ಪೂರಿಮ್ ಹಬ್ಬದಲ್ಲಿ ಕಡಮೆಯೆಂದರೆ ಇಬ್ಬರು ಬಡವರಿಗೆ ಕೊಟ್ಟಲ್ಲದೆ ಹಬ್ಬ ಪೂರ್ತಿಯಾಗದು. ಮಗುವಿನ ಬಳಿ ಇರುವುದು ತಂದೆಯ ಹಣವಷ್ಟೆ, ತನ್ನದಲ್ಲದ್ದನ್ನು ಕೊಟ್ಟರೆ ಅದು ಎಂಥ ದಾನ, ಎಂಬ ಪ್ರಶ್ನೆಯೂ ಅವರಿಗೆ ಹೊಳೆದಿತ್ತು. ಧರ್ಮನಿಧಿಯನ್ನು ಎತ್ತುವವರು ಮಕ್ಕಳಿಂದ ಸ್ವಲ್ಪವನ್ನು ಮಾತ್ರ ಸ್ವೀಕರಿಸಬೇಕು, ದೊಡ್ಡ ಮೊತ್ತವನ್ನು ಸ್ವೀಕರಿಸಕೂಡದೆಂದು ಅವರು ವಿಧಿಸಿದರು. ಪ್ರಮಾಣವು ಅಲ್ಪವಾಗಿರಲಿ, ಅಭ್ಯಾಸವು ನಿಯತವಾಗಿರಲಿ ಎಂಬುದು ಇದರ ಅಭಿಪ್ರಾಯ. ಮೈಮೊನಿಡೀಸನೇ ಮತ್ತೊಂದೆಡೆ, ಒಬ್ಬನಿಗೆ ಒಂದೇ ಸಲ ಸಾವಿರ ನಾಣ್ಯಗಳನ್ನು ಕೊಡುವುದಕ್ಕಿಂತ ಸಾವಿರ ಸಲ ಒಂದೊಂದು ನಾಣ್ಯವನ್ನು ಕೊಡುವುದು ಕೊಡುವವನ ಸ್ವಭಾವವನ್ನು ಹೆಚ್ಚು ಚೆನ್ನಾಗಿ ತಿದ್ದುವುದೆಂದು ವಾದಿಸುತ್ತಾನೆ. ಒಂದು ಸಲದ ಉತ್ಸಾಹವು ಇಳಿದುಹೋಗುತ್ತದೆ, ಸಾವಿರ ಸಲದ ಆವೃತ್ತಿಯು ಸ್ವಭಾವವಾಗಿ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಕಂಬಳಿ ಹಂಚಿಸುವ ಶಿಕ್ಷಣಕ್ರಮಕ್ಕೂ ಈ ಕ್ರಮಕ್ಕೂ ಇರುವ ಅಂತರವನ್ನು ಬೇರೆ ವಿವರಿಸಬೇಕಾಗಿಲ್ಲ.

ಇಷ್ಟನ್ನು ಮುಂದಿಟ್ಟುಕೊಂಡರೆ, ಆರಂಭದಲ್ಲಿ ಹೇಳಿದ ನಂಬಿಕೆಯೊಳಗೆ ಮೂರು ಬೇರೆ ಬೇರೆ ಮಾತುಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ.

1. ಪ್ರೀತಿಯಿಂದ ಕೊಟ್ಟದ್ದು ಶ್ರೇಷ್ಠ. ಇದು ಸತ್ಯ.

2. ಆದುದರಿಂದ ಪ್ರೀತಿಯಿಲ್ಲದೆ ಕೊಟ್ಟದ್ದು ನಿಷ್ಫಲ. ಇದು ಮೊದಲನೆಯ ಮಾತಿನಿಂದ ಹುಟ್ಟದು. ಹಸಿದವನ ಹೊಟ್ಟೆಗೆ ಅನ್ನ ಬಿದ್ದದ್ದು ಫಲವೇ. ಅದನ್ನು ಬಡಿಸಿದವನ ಭಾವಸ್ಥಿತಿ ಅನ್ನದ ಸತ್ತ್ವವನ್ನು ಕುಗ್ಗಿಸುವುದಿಲ್ಲ.

3. ಆದುದರಿಂದ ಮಕ್ಕಳಿಗೆ ಮೊದಲು ಪ್ರೀತಿಯನ್ನು ಕಲಿಸಿ ಅನಂತರ ಕೊಡುವುದನ್ನು ಕಲಿಸಬೇಕು. ಇದು ಶ್ರೇಷ್ಠವಾದುದೇ ಮೊದಲು ಬರಬೇಕೆಂದು ತಿಳಿದುಕೊಂಡದ್ದರ ಪರಿಣಾಮ. ಸಂಗೀತದಲ್ಲಿ ಭಾವವು ಸ್ವರಕ್ಕಿಂತ ಮೇಲೆಂದು ಒಪ್ಪಿಯೂ ನಾವು ಮಗುವಿಗೆ ಸರಳೆವರಿಸೆಯಿಂದಲೇ ಪಾಠವನ್ನು ಆರಂಭಿಸುತ್ತೇವೆ.

ಇದೆಲ್ಲ ಪರಕೀಯರ ಶಾಸ್ತ್ರ, ನಮ್ಮ ಸಂಪ್ರದಾಯವು ದಾನವನ್ನು ಭಾವದ ಮೇಲೆಯೇ ನಿಲ್ಲಿಸಿದೆ, ಎನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ಶತಪಥ ಬ್ರಾಹ್ಮಣವು ಮನುಷ್ಯನು ಹುಟ್ಟುತ್ತಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಮಾತ್ರವಲ್ಲದೆ ಮನುಷ್ಯರಿಗೂ ಋಣಿಯೆಂದು ಹೇಳಿ, ಆ ಕಡೆಯ ಋಣವನ್ನು ಮನುಷ್ಯರಿಗೆ ಆಶ್ರಯವನ್ನೂ ಅನ್ನವನ್ನೂ ಕೊಟ್ಟು ತೀರಿಸಬೇಕೆನ್ನುತ್ತದೆ. ಬೃಹದಾರಣ್ಯಕದಲ್ಲಿ ಪ್ರಜಾಪತಿಯು ದೇವತೆಗಳಿಗೆ ದಮವನ್ನೂ ಮನುಷ್ಯರಿಗೆ ದಾನವನ್ನೂ ಅಸುರರಿಗೆ ದಯೆಯನ್ನೂ ಉಪದೇಶಿಸಿದನೆಂಬುದು ಪ್ರಸಿದ್ಧ. ದಾನವು ದಯೆಯ ಉಪಶಾಖೆಯಾಗಿದ್ದ ಪಕ್ಷದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕಾಗಿರಲಿಲ್ಲ. ವಿದ್ಯಾಭ್ಯಾಸವನ್ನು ಮುಗಿಸಿ ಹೊರಡುವ ಶಿಷ್ಯನಿಗೆ ತೈತ್ತಿರೀಯದ ಆಚಾರ್ಯನು ಶ್ರದ್ಧೆಯಿಂದ ಕೊಡು ಎನ್ನುವುದರ ಜೊತೆಗೆ ಲಜ್ಜೆಯಿಂದಲಾದರೂ ಕೊಡು, ಭಯದಿಂದಲಾದರೂ ಕೊಡು ಎಂಬರ್ಥದ ಮಾತನ್ನೂ ಸೇರಿಸುತ್ತಾನೆ. ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕದಾನದ ಲಕ್ಷಣವನ್ನು ಹೇಳುವಾಗ ಮೊದಲಿಗೆ ಎತ್ತಿಕೊಳ್ಳುವುದು ಕೊಡತಕ್ಕದ್ದೆಂಬ ಬುದ್ಧಿಯನ್ನು. ಕನಿಕರದ ಪ್ರಸ್ತಾಪ ಅಲ್ಲಿಲ್ಲ.

ಗ್ರಂಥಗಳನ್ನು ಬಿಟ್ಟು ಹೊಲಕ್ಕೆ ಬಂದರೂ ಸಾಕ್ಷಿ ಕಡಮೆಯಿಲ್ಲ. ಮಾಗಡಿ ರಾಮನಗರ ಸೀಮೆಯ ರಾಗಿಯ ಹೊಲಗಳಲ್ಲಿ ಕೊಯ್ಲು ಮುಗಿದ ಮೇಲೆ ಅರಿಗಳ ಸಂದಿನಲ್ಲಿ ಉಳಿದ ತೆನೆಗಳನ್ನು ಹಕ್ಕಲಾಯುವುದಕ್ಕೆ ಹೊಲವಿಲ್ಲದವರ ಮನೆಯ ಹೆಂಗಸರೂ ಮಕ್ಕಳೂ ಮಡಿಲಿಗೆ ಸೆರಗು ಕಟ್ಟಿಕೊಂಡು ಬರುವುದು ಹಿಂದೆ ಸಾಮಾನ್ಯವಾಗಿತ್ತು. ಅವರನ್ನು ಗದರಿ ಓಡಿಸುವವನನ್ನು ಊರು ಜಿಪುಣನೆಂದಲ್ಲ, ನೀತಿಗೆಟ್ಟವನೆಂದು ಎಣಿಸುತ್ತಿತ್ತು. ಕಣದಲ್ಲಿ ಗುಂಡು ಹೊಡೆದು, ಗಾಳಿಗೆ ತೂರಿ, ರಾಶಿಯನ್ನು ಪೂಜಿಸಿ, ಕೊಳಗದಿಂದ ಅಳೆಯುವ ಹೊತ್ತಿಗೆ ಕಮ್ಮಾರ, ಬಡಗಿ, ಮಡಿವಾಳ, ತೋಟಿ, ತಳವಾರ ಮೊದಲಾದ ಆಯಗಾರರ ಪಾಲು ಮನೆಗೆ ಹೋಗುವ ಮೂಟೆಗಿಂತ ಮುಂಚೆ ಬೇರೆಯಾಗುತ್ತಿತ್ತು. ಕಣದ ಅಂಚಿನಲ್ಲಿ ಕುಳಿತು ಅದನ್ನು ನೋಡುತ್ತಿದ್ದ ರೈತನ ಮಗುವಿಗೆ, ರಾಶಿಯೆಲ್ಲ ನಮ್ಮದಲ್ಲವೆಂಬ ಪಾಠವು ಯಾರೂ ಹೇಳದೆಯೇ ದಕ್ಕುತ್ತಿತ್ತು. ಆದರೆ ಇದನ್ನು ಹೊಗಳಿ ನಿಲ್ಲಿಸಿದರೆ ಅಪ್ರಾಮಾಣಿಕತೆಯಾದೀತು. ಪಾಲು ನಿಶ್ಚಿತವಾಗಿದ್ದಂತೆಯೇ ಪಡೆಯುವವನ ಜಾತಿಯೂ, ಅವನು ನಿಲ್ಲಬೇಕಾದ ದೂರವೂ, ಅವನ ಮಗನು ಮಾಡಬೇಕಾದ ಚಾಕರಿಯೂ ನಿಶ್ಚಿತವಾಗಿದ್ದವು. ಋಣವನ್ನು ಒಪ್ಪಿಕೊಂಡ ಆ ವ್ಯವಸ್ಥೆ ಋಣದಾತನ ಮಾನವನ್ನು ಒಪ್ಪಿಕೊಳ್ಳಲಿಲ್ಲ. ಆದುದರಿಂದ ಮೈಮೊನಿಡೀಸನ ಮೇಲಿನ ಮೆಟ್ಟಿಲುಗಳನ್ನು ಅದು ಎಂದೂ ಏರಲಿಲ್ಲ. ಕಣದಿಂದ ನಾವು ತೆಗೆದುಕೊಳ್ಳಬೇಕಾದುದು ಪಾಲಿನ ಭಾವನೆಯನ್ನು ಮಾತ್ರ; ಅದರ ಶ್ರೇಣಿಯನ್ನು ಅಲ್ಲ.

ಶ್ರೇಣಿಯನ್ನು ಬಿಟ್ಟು ಪಾಲನ್ನು ಉಳಿಸಿಕೊಳ್ಳುವುದು ಸಾಧ್ಯವೆಂಬುದಕ್ಕೆ ಇದೇ ಸೀಮೆಯಿಂದ ಹೊರಟವರೊಬ್ಬರ ನಿದರ್ಶನವಿದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ, ಜಾತಿಮತಗಳನ್ನು ಕೇಳದೆ, ಅನ್ನವನ್ನೂ ವಸತಿಯನ್ನೂ ವಿದ್ಯೆಯನ್ನೂ ಒದಗಿಸಿದರು. ದಾಸೋಹದ ತತ್ತ್ವವನ್ನು ಬಸವಣ್ಣನವರ ಕಾಲದಿಂದ ಬಂದ ರೀತಿಯಲ್ಲಿ ಗ್ರಹಿಸಿದರೆ, ಅಲ್ಲಿ ಕೊಡುವವನು ದಾಸನು, ಪಡೆಯುವವನು ಜಂಗಮಸ್ವರೂಪನು. ಕೊಡುವವನ ಅಹಂಕಾರಕ್ಕೆ ಕೂಡಲು ಜಾಗವೇ ಇಲ್ಲ. ಸುತ್ತಣ ರೈತರು ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ಮಠಕ್ಕೆ ತಂದು ಒಪ್ಪಿಸುವುದು, ಆ ಧಾನ್ಯವನ್ನೇ ಉಂಡ ಹುಡುಗನು ಬೆಳೆದು ಸಂಪಾದಿಸುವವನಾದ ಮೇಲೆ ತಾನೂ ಒಂದು ಪಾಲನ್ನು ಕಳಿಸುವುದು, ಇದು ಕರುಣೆಯ ಆವೇಗಕ್ಕಿಂತ ದೀರ್ಘಾಯುವಾದ ಪದ್ಧತಿ. ಇದೇ ವಿಚಾರವು ರಾಜ್ಯದ ಮಟ್ಟದಲ್ಲಿಯೂ ಒಮ್ಮೆ ತೀರ್ಮಾನಕ್ಕೆ ಬಂತು: 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಬಿಸಿಯೂಟವನ್ನು ಕೊಡಲೇಬೇಕೆಂದು ಆಜ್ಞಾಪಿಸಿದ ಮೇಲೆ, ಕರ್ನಾಟಕದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಅದು ನಡೆದುಬಂದಿತು. ಅನ್ನವು ನ್ಯಾಯಾಲಯದ ಆಜ್ಞೆಯಿಂದ ಬಂತೆಂಬ ಕಾರಣಕ್ಕೆ ಬೈರಮಂಗಲದ ಶಾಲೆಯ ಮಗುವಿಗೆ ಅದು ರುಚಿಗೆಟ್ಟಿತೆ? ಬದಲಾಗಿ, ಯಾರ ಮುಂದೆಯೂ ತಲೆತಗ್ಗಿಸದೆ ಸಾಲಿನಲ್ಲಿ ತಟ್ಟೆಯೊಡ್ಡಿ ಕೂಡುವ ಅಧಿಕಾರ ಅದಕ್ಕೆ ಪ್ರಾಪ್ತವಾಯಿತು.

ಈಗ ಉಳಿದ ಆಕ್ಷೇಪಗಳು. ಕಟ್ಟಳೆಯಿಂದ ಕೊಡುವವನು ಕಟ್ಟಳೆಯಷ್ಟನ್ನೇ ಅಳೆದು ಕೊಟ್ಟು, ಅರವತ್ತರಲ್ಲಿ ಒಂದು ಪಾಲು ಹಾಕಿದೆನೆಂದು ಬಾಗಿಲು ಮುಚ್ಚಿಕೊಳ್ಳಬಹುದಲ್ಲವೆ? ಮುಚ್ಚಿಕೊಳ್ಳಬಹುದು, ಆದರೆ ಕಟ್ಟಳೆಯಿಲ್ಲದಿದ್ದರೆ ಅವನು ಬಾಗಿಲನ್ನು ತೆರೆಯುತ್ತಲೇ ಇರಲಿಲ್ಲ. ಉದಾರನಿಗೆ ಕನಿಷ್ಠ ಪ್ರಮಾಣವು ತಡೆಯಲ್ಲ, ಲೋಭಿಗೆ ಅದು ಅಂಕುಶ. ಇದಕ್ಕಿಂತ ಗಂಭೀರವಾದ ಆಕ್ಷೇಪವು ಯೆಹೂದಿ ಶಾಸ್ತ್ರದೊಳಗಿನಿಂದಲೇ ಏಳುತ್ತದೆ. ಧನದಾನಕ್ಕಿಂತ ಪ್ರೀತಿಯ ಉಪಚಾರವು ಮೂರು ವಿಧದಲ್ಲಿ ಮಿಗಿಲೆಂದು, ಮಿಷ್ನಾದ ಮೇಲಣ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ: ದಾನವನ್ನು ಹಣದಿಂದ ಮಾತ್ರ, ಉಪಚಾರವನ್ನು ಹಣದಿಂದಲೂ ದೇಹದಿಂದಲೂ ಮಾಡಬಹುದು, ದಾನವು ಬಡವನಿಗೆ ಮಾತ್ರ, ಉಪಚಾರವು ಬಡವನಿಗೂ ಬಲ್ಲಿದನಿಗೂ ಸಲ್ಲುವುದು, ದಾನವು ಬದುಕಿರುವವರಿಗೆ ಮಾತ್ರ, ಉಪಚಾರವು ಸತ್ತವರಿಗೂ ಸಲ್ಲುವುದು. ಹಾಗಾದರೆ ಪ್ರೀತಿಯೇ ಮೇಲೆಂದು ಅವರೂ ಒಪ್ಪಿದಂತಾಯಿತಲ್ಲ? ಒಪ್ಪಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಮಿಗಿಲಾದುದಿದೆಯೆಂಬುದು ಕೊಡಲೇಬೇಕಾದುದನ್ನು ರದ್ದುಮಾಡುವುದಿಲ್ಲ. ಸಾಲವನ್ನು ತೀರಿಸದೆ ಸಾಲ ಕೊಟ್ಟವನ ಮನೆಗೆ ಹಣ್ಣುಹಂಪಲನ್ನು ಕಳಿಸುವವನ ಪ್ರೀತಿಯನ್ನು ನಾವು ಏನೆಂದು ಎಣಿಸಬೇಕು?

ಈ ಪ್ರಶ್ನೆಯೇ ನಮ್ಮನ್ನು ಬೈರಮಂಗಲದ ಕೆರೆಗೆ ತರುತ್ತದೆ. ಬಸವನಗುಡಿಯ ದೊಡ್ಡಬಸವನ ಪಾದದಲ್ಲಿ ಹುಟ್ಟುತ್ತದೆಂದು ಪ್ರತೀತಿಯುಳ್ಳ ವೃಷಭಾವತಿಯು ಪಶ್ಚಿಮ ಬೆಂಗಳೂರಿನ ಮನೆಗಳ ಬಚ್ಚಲು ಶೌಚಗಳ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು, ಮೈಸೂರು ರಸ್ತೆಯ ಮಗ್ಗುಲಲ್ಲಿಯೇ ಬಹುದೂರ ಹರಿದು ಈ ಕೆರೆಗೆ ಬಂದು ಬೀಳುತ್ತದೆ. ಸುತ್ತಣ ಸಾವಿರಾರು ಎಕರೆಗಳಿಗೆ ನೀರುಣಿಸಲೆಂದು 1940ರ ದಶಕದಲ್ಲಿ ಕಟ್ಟಿದ ಜಲಾಶಯವಿದು. ಇಂದು ಅದರ ನೀರು ಕಪ್ಪಾಗಿ, ಹೊರಬೀಳುವ ತೂಬಿನ ಬಾಯಲ್ಲಿ ಬಿಳಿಯ ನೊರೆಯಾಗಿ ಎದ್ದು, ಗಾಳಿಗೆ ಹಾರಿ ರಸ್ತೆಯ ಮೇಲೆ ಬೀಳುವುದನ್ನು ದಾರಿಹೋಕರೆಲ್ಲ ಕಂಡಿದ್ದಾರೆ. ಅದೇ ನೀರಿನಿಂದ ಹುಲ್ಲೂ ತರಕಾರಿಯೂ ಬೆಳೆಯುತ್ತವೆ. ಅದೇ ಹುಲ್ಲನ್ನು ಮೇಯ್ದ ಹಸುವಿನ ಹಾಲು ನಗರಕ್ಕೆ ಹಿಂದಿರುಗುತ್ತದೆ. ಕಂಬಳಿಯನ್ನು ಹಂಚಲು ಬಂದ ಮಗುವಿಗೂ ಆ ಹಳ್ಳಿಗೂ ಇರುವ ಸಂಬಂಧವೆಂದು ಮೊದಲು ಹೇಳಿದೆನಲ್ಲ, ಅದು ಇದೇ. ಆ ಮಗುವಿನ ಮನೆಯ ಬಚ್ಚಲಿನ ನೀರು ಅದಕ್ಕಿಂತ ಮುಂಚೆ ಬೈರಮಂಗಲವನ್ನು ತಲಪಿದೆ. ಕೊಡುವುದನ್ನೂ ಹೊಣೆಯನ್ನೂ ಬೇರೆ ಬೇರೆ ಪಾಠಗಳೆಂದು ವಿಂಗಡಿಸಿದ ಶಾಲೆಯಲ್ಲಿ ಈ ಸಂಗತಿಯು ಎರಡು ಪಾಠಗಳಲ್ಲಿಯೂ ಬರುವುದಿಲ್ಲ. ದಾನದ ಪಾಠಕ್ಕೆ ಇದು ಸಂಬಂಧಿಸಿದ್ದಲ್ಲವೆಂದೂ, ಹೊಣೆಯ ಪಾಠಕ್ಕೆ ಇದು ಒಬ್ಬ ಮಗುವಿನ ತಪ್ಪಲ್ಲವೆಂದೂ ಜಾರಿಹೋಗುತ್ತದೆ.

ಯೆಹೂದಿ ಶಾಸ್ತ್ರವು ಇಲ್ಲಿಯೂ ಎರಡನ್ನು ಒಂದೇ ಹೊಲಿಗೆಯಲ್ಲಿ ಕೂಡಿಸುತ್ತದೆ. ಚರ್ಮ ಹದಮಾಡುವ ಸ್ಥಳವು ಊರಿನಿಂದ ಐವತ್ತು ಮೊಳ ದೂರದಲ್ಲಿ, ಅದೂ ಊರಿನ ಪೂರ್ವದಿಕ್ಕಿನಲ್ಲಿ ಮಾತ್ರ ಇರತಕ್ಕದ್ದೆಂದು ಮಿಷ್ನಾ ವಿಧಿಸುತ್ತದೆ. ತಾಲ್ಮುದ್ದಿನ ಒಂದು ಪ್ರಸಂಗದಲ್ಲಿ, ತನ್ನ ಹೊಲದ ಕಲ್ಲುಗಳನ್ನು ಸಾರ್ವಜನಿಕ ದಾರಿಗೆ ಎಸೆಯುತ್ತಿದ್ದವನನ್ನು ಕಂಡು ಸಾಧುವೊಬ್ಬನು, ನಿನ್ನದಲ್ಲದ ನೆಲದಿಂದ ನಿನ್ನದೇ ಆದ ನೆಲಕ್ಕೆ ಏಕೆ ಎಸೆಯುತ್ತೀಯೆಂದು ಕೇಳುತ್ತಾನೆ. ಕಾಲಾಂತರದಲ್ಲಿ ಹೊಲವನ್ನು ಮಾರಿಕೊಂಡ ಅವನು ಆ ದಾರಿಯಲ್ಲಿ ನಡೆಯುವಾಗ ತಾನೆಸೆದ ಕಲ್ಲನ್ನೇ ಎಡವುತ್ತಾನೆ. ಮತ್ತೊಂದೆಡೆ, ಹಿಂದಿನ ಧರ್ಮಿಷ್ಠರು ಮುಳ್ಳನ್ನೂ ಗಾಜಿನ ಚೂರನ್ನೂ ತಮ್ಮ ಹೊಲದಲ್ಲಿಯೇ, ನೇಗಿಲಿಗೆ ಸಿಕ್ಕದಷ್ಟು ಆಳದಲ್ಲಿ ಹೂಳುತ್ತಿದ್ದರೆಂದು ಹೇಳಿದೆ. ಹೊಲದ ಅಂಚನ್ನು ಬಡವನಿಗೆ ಬಿಡುವುದೂ ಹೊಲದ ಮುಳ್ಳನ್ನು ದಾರಿಗೆ ಎಸೆಯದಿರುವುದೂ ಒಂದೇ ಬುದ್ಧಿಯ ಎರಡು ಕೆಲಸಗಳು: ನನ್ನ ಎಲ್ಲೆಯ ಆಚೆಯವನ ಬದುಕು ನನ್ನ ಲೆಕ್ಕದೊಳಗಿದೆಯೆಂಬ ಬುದ್ಧಿ. ಕರುಣೆಯಾದರೋ ಕಣ್ಣಿಗೆ ಬಿದ್ದ ದುಃಖಕ್ಕೆ ಮಾತ್ರ ಏಳುತ್ತದೆ. ಕೊಳವೆಯೊಳಗೆ ಹರಿದುಹೋಗುವ ಹಾನಿಗೆ ಅದು ಏಳಬೇಕಾದರೆ, ಲೆಕ್ಕವಿಡುವ ಅಭ್ಯಾಸವು ಮೊದಲೇ ಮಗುವಿನಲ್ಲಿ ಬೇರೂರಿರಬೇಕು.

ನದಿಯ ಕೊಳೆಗೆ ಮಗುವನ್ನು ಹೊಣೆಮಾಡುವುದು ಕ್ರೌರ್ಯವಲ್ಲವೆ, ಅದು ಸರ್ಕಾರದ ಕೆಲಸವಲ್ಲವೆ, ಎಂಬುದು ಕೊನೆಯ ಆಕ್ಷೇಪ. ಕೊಳೆನೀರಿನ ಶುದ್ಧೀಕರಣವು ಸರ್ಕಾರದ ಕೆಲಸವೇ. ಆದರೆ ಸರ್ಕಾರವನ್ನು ಆ ಕೆಲಸಕ್ಕೆ ಹಚ್ಚುವವರು, ಅದಕ್ಕೆ ತಗಲುವ ವೆಚ್ಚವನ್ನು ತಮ್ಮ ನೀರಿನ ದರದಲ್ಲಿ ಹೊರಲು ಒಪ್ಪುವವರು ಅಥವಾ ಒಪ್ಪದೆ ಹೋಗುವವರು, ಇಂದಿನ ಮಕ್ಕಳೇ. ಆ ದಿನ ಅವರು ಅದನ್ನು ಹಳ್ಳಿಗೆ ಮಾಡುವ ಉಪಕಾರವೆಂದು ಭಾವಿಸಿದರೆ ಚೌಕಾಸಿ ಮಾಡುತ್ತಾರೆ, ತೀರಿಸಬೇಕಾದ ಬಾಕಿಯೆಂದು ಭಾವಿಸಿದರೆ ತೀರಿಸುತ್ತಾರೆ. ಈ ಪಾಠವು ನಗರದ ಮಗುವಿಗೆ ಮಾತ್ರವೇ ಎಂದರೆ, ಅಲ್ಲ. ದಾನದಿಂದ ಜೀವಿಸುವ ಬಡವನೂ ತನಗೆ ಬಂದುದರಲ್ಲಿ ಸ್ವಲ್ಪವನ್ನು ಮತ್ತೊಬ್ಬನಿಗೆ ಕೊಡತಕ್ಕದ್ದೆಂದು ಯೆಹೂದ್ಯರು ವಿಧಿಸಿದ್ದಾರೆ. ಅವನಿಂದ ಬರುವ ಕಾಸು ದೊಡ್ಡದೆಂದಲ್ಲ, ಕೊಡುವವರ ಸಾಲಿನಿಂದ ಅವನನ್ನು ಹೊರಗಿಡಕೂಡದೆಂದು. ಬೈರಮಂಗಲದ ಮಗುವನ್ನು ಸದಾ ಪಡೆಯುವವನ ಸ್ಥಾನದಲ್ಲಿ ಕೂರಿಸುವ ಕರುಣೆಯು ಅದರ ಈ ಅಧಿಕಾರವನ್ನು ಕಸಿದುಕೊಳ್ಳುತ್ತದೆ. ಆ ಕೆರೆಯ ನೀರು ಅಲ್ಲಿಗೇ ನಿಲ್ಲದೆ ಮುಂದೆ ಅರ್ಕಾವತಿಯನ್ನು ಕೂಡಿಕೊಂಡು ಕನಕಪುರದ ಸೀಮೆಯಲ್ಲಿ ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೈರಮಂಗಲಕ್ಕೂ ಕೆಳಗಣ ಊರುಗಳುಂಟು. ತನ್ನ ಊರಿನ ರೇಷ್ಮೆ ಮನೆಯ ಕಸವನ್ನೂ ಹೊಲಕ್ಕೆ ಸುರಿದ ಔಷಧದ ಡಬ್ಬಿಯನ್ನೂ ಕಾಲುವೆಗೆ ಎಸೆಯದಿರುವ ಮಗುವೊಂದು ಅಲ್ಲಿ ಬೆಳೆದರೆ, ಮೇಲಣ ನಗರದಿಂದ ತನಗೆ ಬರಬೇಕಾದ ಬಾಕಿಯನ್ನು ಅದು ಬೇಡುವುದಿಲ್ಲ, ಕೇಳುತ್ತದೆ. ಕೇಳುವುದಕ್ಕೆ ಬೇಕಾದ ಲೆಕ್ಕದ ಪುಸ್ತಕವು ಅದರ ಕೈಯಲ್ಲಿರುತ್ತದೆ.